ಅಂಜಿನಮ್ಮನ ಕೌದಿ ಪರದೆ

ಎಳೆಯಬೇಡ ಕಂದಾ, ಎಳೆಯಬೇಡ, ಅದರಲ್ಲಿ ಸೂಜಿ ಚುಚ್ಚಿಟ್ಟಿದ್ದೇನೆ. ಕೌದಿ ಅಲ್ಲ ಅದು. ನೋಡಲು ಕೌದಿಯ ಹಾಗೇ ಇದೆ, ನಿಜ. ಹಳೆ ಸೀರೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದೇ. ಆದರೆ ಹೊದೆಯುವುದಕ್ಕಲ್ಲ. ಮೇಲಂಚಿಗೆ ಬಳೆ ಹೊಲಿದಿದ್ದಾರೆ ನೋಡು, ಕಂಬಿಗೆ ಸಿಕ್ಕಿಸುವುದಕ್ಕೆ. ಇದು ಪರದೆ. ವಿಮಾನ ನಿಲ್ದಾಣದಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಗೂಡು ಇರುತ್ತದಲ್ಲ, ಅದರ ಬಾಗಿಲಿಗೆ ತೂಗುಹಾಕುವುದು. ನಮ್ಮ ಅಂಜಿನಮ್ಮನದು. ಯಾವ ಅಂಜಿನಮ್ಮ ಅಂತ ಕೇಳುತ್ತೀಯಾ? ಮೂಲೆಮನೆ ಮುನಿಯಣ್ಣನ ಹೆಂಡತಿ, ಪೊಲೀಸು. ಖಾಕಿ ಸೀರೆಯುಟ್ಟು ಗಂಡನ ಲೂನಾ ಹಿಂದೆ ಕೂತು ಹೋಗುತ್ತಾಳಲ್ಲ, ಅವಳೇ. ಲೂನಾ ಅಳುತ್ತಾ ಹೋಗುತ್ತದೆ, ಅವಳು ನಗುತ್ತಾ ಹೋಗುತ್ತಾಳೆ.

ಆ ತುದಿ ಹಿಡಿದುಕೊಂಡು ಕೂತಿರು, ಹೇಳುತ್ತೇನೆ.

ಅಂಜಿನಮ್ಮ ಹುಟ್ಟಿದ್ದು ನಮ್ಮ ದೊಡ್ಡನೆಕ್ಕುಂದಿಯಲ್ಲಲ್ಲ, ಬೆಳ್ಳಂದೂರಿನ ಕೆರೆ ಅಂಚಿನಲ್ಲಿ. ಅಪ್ಪ ಕಾಡಪ್ಪ ಎಮ್ಮೆ ಸಾಕಿದ್ದ. ಇಳಿಯುವ ವಿಮಾನಗಳು ಅವರ ರಾಗಿ ಹೊಲದ ಮೇಲೆ ಎಷ್ಟು ತಗ್ಗಿನಲ್ಲಿ ಹಾಯುತ್ತಿದ್ದವೆಂದರೆ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಹುಡುಗಿ ವಿಮಾನ ನೋಡುತ್ತಿರಲಿಲ್ಲ, ನೆಲದ ಮೇಲೆ ಓಡುವ ಅದರ ನೆರಳನ್ನು ನೋಡುತ್ತಿದ್ದಳು. ನೆರಳಿನ ಹಿಂದೆ ಓಡುತ್ತಿದ್ದಳು, ಬದುವಿನಿಂದ ಬದುವಿಗೆ. ಕಾಡಪ್ಪ ಅಲ್ಲಿಂದಲೇ ಕೂಗುತ್ತಿದ್ದ: "ಲೇ ಅಂಜೀ, ಅದೇನು ಆಲು ಕರೀತದಾ? ಎಮ್ಮೆ ಇಂದೆ ಓಡಮ್ಮಿ!" ಆ ಓಟವೇ ಮುಂದೆ ಅನ್ನ ಕೊಟ್ಟಿತು. ಪೊಲೀಸು ಆಯ್ಕೆಗೆ ಓಡಿಸಿದರಂತೆ. ಇವಳು ಸೆರಗು ಸಿಕ್ಕಿಸಿಕೊಂಡು ಓಡಿದ ಓಟಕ್ಕೆ, ಗೆರೆ ದಾಟಿದ ಮೇಲೂ ನಿಲ್ಲಿಸುವುದಕ್ಕೆ ಒಬ್ಬರನ್ನು ಹಿಂದೆ ಕಳಿಸಬೇಕಾಯಿತು ಅಂತ ಮುನಿಯಣ್ಣ ಈಗಲೂ ಹೇಳಿ ನಗುತ್ತಾನೆ. ಅವನ ಮಾತಿನಲ್ಲಿ ಅರ್ಧ ಸುಳ್ಳು. ಒಳ್ಳೆಯ ಸುಳ್ಳು ಬಿಡು.

ಮೊದಲು ಯಾವುದೋ ಠಾಣೆ, ಆಮೇಲೆ ವಿಮಾನ ನಿಲ್ದಾಣ. ಅತ್ತೆ ಗಂಗಮ್ಮ ಮೂಗು ಮುರಿದಳು. "ಕಳ್ಳರನ್ನ ಇಡಿಯೋ ಕೆಲ್ಸ ಅಂದ್ಕೊಂಡಿದ್ದೆ. ಎಂಗಸರ ಮೈ ತಡವೋದೂ ಒಂದು ಸರ್ಕಾರಿ ಕೆಲ್ಸವಾ?" ಅಂದಳು. ಮುನಿಯಣ್ಣ ಇಲ್ಲೇ ಕಾರ್ಖಾನೆಯಲ್ಲಿ ಲೇತ್ ತಿರುಗಿಸುವವನು. "ನಾನು ಕಬ್ಬಿಣ ತಡವ್ತೀನಿ, ಅವಳು ಮನುಷ್ಯರನ್ನ ತಡವ್ತಾಳೆ. ಅವಳದೇ ಮೇಲು ಕಣವ್ವಾ," ಅಂದ. ಗಂಗಮ್ಮ ಅವತ್ತು ಅವನ ತಟ್ಟೆಗೆ ಮುದ್ದೆ ಬಡಿದ ಸದ್ದು ನಮ್ಮ ಮನೆವರೆಗೂ ಕೇಳಿಸಿತ್ತು.

ಆ ಗೂಡು ಹೇಗಿತ್ತು ಅಂದರೆ, ಹಲಗೆ ಹೊಡೆದು ಮಾಡಿದ ಒಂದು ಮೂಲೆ. ಒಳಗೆ ನಿಲ್ಲುವುದಕ್ಕೊಂದು ಮಣೆ, ಅಂಜಿನಮ್ಮನ ಕಬ್ಬಿಣದ ಸ್ಟೂಲು, ಕೈಯಲ್ಲಿ ಹಿಡಿಯುವ ಮೆಷಿನ್ನು. ಲೋಹ ಸಿಕ್ಕಿದರೆ ಕುಂಯ್ ಅನ್ನುತ್ತದೆ. ಬಾಗಿಲಿಗೆ ಒಂದು ಹಸಿರು ಪರದೆ, ಸರ್ಕಾರಿ. ಒಗೆದು ಒಗೆದು ಅದು ಕುಗ್ಗಿ, ಈ ಕಡೆ ಎಳೆದರೆ ಆ ಕಡೆ ಸಂದಿ, ಆ ಕಡೆ ಎಳೆದರೆ ಈ ಕಡೆ ಸಂದಿ. ಹೊರಗೆ ಗಂಡಸರ ಸಾಲು ನಿಂತಿರುತ್ತದೆ. ಹೊಸ ಪರದೆ ಕೇಳಿದಾಗಲೆಲ್ಲ ಸಬ್‌ಇನ್ಸ್‌ಪೆಕ್ಟರ್ ಗೋಪಾಲಪ್ಪ "ಬರೆದು ಕಳ್ಸಿದೀನಮ್ಮ, ಬರ್ತದೆ" ಅನ್ನುತ್ತಿದ್ದರು. ಬಂದದ್ದು ಯಾವಾಗ? ನೀನೇ ನೋಡುತ್ತಿದ್ದೀಯಲ್ಲ, ಬಂದದ್ದು ಯಾವುದು ಅಂತ.

ಮೊದಮೊದಲು ಅಂಜಿನಮ್ಮನಿಗೆ ಒಂದೇ ಹೆಮ್ಮೆ, ತನ್ನ ಕೈ ಚುರುಕು ಅಂತ. ಬಳೆ, ಸರ, ಡಾಬು, ಸೊಂಟದ ಬೀಗದಕೈ ಗೊಂಚಲು, ಕುಂಯ್ ಅಂದದ್ದನ್ನೆಲ್ಲ ಬಿಚ್ಚಿಸಿ ಟ್ರೇಗೆ ಹಾಕಿ ದೊಡ್ಡ ಮೆಷಿನ್ನಿಗೆ ಕಳಿಸುವುದು, "ನಡೀರಿ ಮೇಡಂ" ಅನ್ನುವುದು. ಏನೇನು ಸಿಗುತ್ತಿತ್ತು ಅಂತೀಯಾ! ಒಬ್ಬಾಕೆ ಸೊಂಟದಲ್ಲಿ ಅಡಕತ್ತರಿ. ಒಬ್ಬ ಮದುಮಗಳ ಜಡೆಯೊಳಗೆ ನಿಂಬೆಹಣ್ಣಿಗೆ ಚುಚ್ಚಿದ ಮೊಳೆ, ದೃಷ್ಟಿ ಆಗದಿರಲಿ ಅಂತ ಅಜ್ಜಿ ಇಟ್ಟದ್ದು. ಉಪ್ಪಿನಕಾಯಿ ಭರಣಿಯನ್ನು ಮಗುವಿನ ಹಾಗೆ ಶಾಲು ಸುತ್ತಿ ಎತ್ತಿಕೊಂಡು ಬಂದವಳೂ ಇದ್ದಳು. ಗೋಪಾಲಪ್ಪ ಮೆಚ್ಚಿಕೊಂಡು "ಅಂಜಿನಮ್ಮನ ಲೈನು ನಿಲ್ಲೋದೇ ಇಲ್ಲ ಕಣ್ರೀ" ಅಂದರೆ ಇವಳು ಮನೆಗೆ ಬಂದು ನನಗೆ ಹೇಳದೆ ಊಟ ಮಾಡುತ್ತಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಚನ್ನಬಸಮ್ಮ ಬಂದರು.

ಗದಗಿನ ಕಡೆಯ ಲಿಂಗಾಯತರ ಹೆಣ್ಣುಮಗಳು. ವಯಸ್ಸಾದವರು, ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಏರ್‌ಪೋರ್ಟ್ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಮಗ ಅಮರೇಶನ ಜೊತೆ ಇದ್ದರು. ಮಗಳು ಕಾವ್ಯಾ ಡೆಲ್ಲಿಯಲ್ಲಿ ತುಂಬಿದ ಬಸುರಿ. ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಕರೆತರಲು ಆಗಿರಲಿಲ್ಲ. ಅವತ್ತು ಬೆಳಿಗ್ಗೆ ಅಳಿಯನ ಫೋನು: ನೋವು ಕಾಣಿಸಿಕೊಂಡಿದೆ, ದಿನ ತುಂಬುವ ಮೊದಲೇ. ರೈಲು ಹತ್ತಿದರೆ ಯಾವಾಗ ತಲುಪುವುದು? ಮಗ ವಿಮಾನದ ಟಿಕೆಟ್ ಮಾಡಿಸಿ ಬಾಗಿಲವರೆಗೆ ತಂದು ಬಿಟ್ಟ. ಒಳಗೆ ಬರಲು ಅವನಿಗೆ ಬಿಡುವುದಿಲ್ಲವಲ್ಲ. ಅಜ್ಜಿ ಒಬ್ಬರೇ, ಮೊದಲ ಸಲ, ಚೀಲ ಎದೆಗವಚಿಕೊಂಡು ಎಲ್ಲರನ್ನೂ "ಡೆಲ್ಲಿ ಇದನ ಏನ್ರೀ?" ಅಂತ ಕೇಳುತ್ತಾ ಸಾಲಿಗೆ ಬಂದು ನಿಂತರು.

ಒಳಗೆ ಬಂದರು. ಅಂಜಿನಮ್ಮ ಮೆಷಿನ್ನು ಆಡಿಸಿದಳು. ಎದೆಯ ಹತ್ತಿರ ಕುಂಯ್ ಅಂತು. ಸೀರೆಯ ಒಳಗಿಂದ ದಾರ ಕಾಣಿಸಿತು, ದಾರದ ತುದಿಗೆ ಕೋಳಿಮೊಟ್ಟೆಯಂಥ ಬೆಳ್ಳಿಯ ಕರಡಿಗೆ. ಹೊರಗೆ ಸಾಲು ಉದ್ದ ಇತ್ತು. ದಿನಾ ಎಷ್ಟು ಸರ ತೆಗೆಯುತ್ತಾಳೋ ಹಾಗೇ, ಅಜ್ಜಿ "ತಂಗೀ" ಅಂತ ಬಾಯಿ ತೆರೆಯುವಷ್ಟರಲ್ಲಿ ದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆದು ಟ್ರೇಗೆ ಹಾಕಿ, ಪರದೆಯಾಚೆ ಕೈ ಚಾಚಿ ಬೆಲ್ಟಿನ ಮೇಲೆ ಇಟ್ಟುಬಿಟ್ಟಳು. ಟ್ರೇಯಲ್ಲಿ ಯಾರದೋ ಚರ್ಮದ ಪರ್ಸು ಇತ್ತು. ಅದರ ಪಕ್ಕದಲ್ಲೇ ಕರಡಿಗೆ ಹೋಯಿತು, ದೊಡ್ಡ ಮೆಷಿನ್ನಿನ ಕಪ್ಪು ಬಾಯಿಯೊಳಗೆ.

ತಿರುಗಿ ನೋಡಿದರೆ ಅಜ್ಜಿ ನೆಲಕ್ಕೆ ಕುಸಿದಿದ್ದರು.

"ಅಯ್ಯೋ! ಎದೆ ನೋವಾ ಅವ್ವಾ? ನೀರು ಕೊಡ್ಲಾ?"

"ಅದು ನನ್ನ ಲಿಂಗ, ತಂಗಿ," ಅಂದರು ಚನ್ನಬಸಮ್ಮ. ಧ್ವನಿ ಏರಲಿಲ್ಲ. "ಹುಟ್ಟಿದಾಗ ಕಟ್ಟಿದ್ರು. ಇವತ್ತಿನ ತನಕಾ ಮೈ ಬಿಟ್ಟು ಹೋಗಿರಲಿಲ್ಲ."

ಅಂಜಿನಮ್ಮನ ಮನೆದೇವರು ಮುನೇಶ್ವರ. ಊರಾಚೆ ಕಲ್ಲಾಗಿ ಕೂತಿರುವವನು. ದೇವರನ್ನು ಮೈಮೇಲೆ ಇಟ್ಟುಕೊಂಡೇ ಬದುಕುವ ಜನ ಇದ್ದಾರೆಂದು ಅವಳಿಗೆ ಗೊತ್ತಿತ್ತು, ಆದರೆ ದೇವರು ಎಲ್ಲಿರುತ್ತಾನೆ, ಹೇಗಿರುತ್ತಾನೆ ಎಂದು ಗೊತ್ತಿರಲಿಲ್ಲ. ಓಡಿಹೋಗಿ ಟ್ರೇ ತಂದಳು. ಕರಡಿಗೆಯನ್ನು ಮುಟ್ಟಲು ಕೈ ಬರಲಿಲ್ಲ. ಟ್ರೇಯನ್ನೇ ಅಜ್ಜಿಯ ಮುಂದೆ ಹಿಡಿದು ಮಂಡಿಯೂರಿದಳು. "ಒಡವೆ ಅಂದ್ಕೊಂಡ್ಬುಟ್ಟೆ ಕಣವ್ವಾ. ಒಡವೆ ಅಂದ್ಕೊಂಡ್ಬುಟ್ಟೆ."

ಅಜ್ಜಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ನೀ ತಿಳೀದ ಮಾಡಿದಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನಾ ಈಗ ಹ್ವಾಗಂಗಿಲ್ಲ ತಂಗಿ. ಲಿಂಗಕ್ಕ ನೀರೆರದು, ಪೂಜಿ ಮಾಡೂ ತನಕಾ ನಾ ಏನೂ ಮುಟ್ಟಂಗಿಲ್ಲ. ಹಂಗ ಹೋಗಿ ಹುಟ್ಟೂ ಕೂಸಿನ್ನ ಹೆಂಗ ಎತ್ಗೊಳ್ಳಲಿ?"

"ಕೂಸು? ಯಾರಿಗೆ?"

"ನನ್ನ ಮಗಳಿಗೆ. ಡೆಲ್ಲ್ಯಾಗ. ನೋವು ತಿನ್ನಾಕತ್ತಾಳ."

ಹೊರಗೆ ಮೈಕಿನಲ್ಲಿ ಡೆಲ್ಲಿ ವಿಮಾನದ ಹೆಸರು ಕೂಗಿದರು. ಅದು ಬಿಟ್ಟರೆ ಮುಂದಿನದು ಮರುದಿನವೇ. ಆಗ ಅಂಜಿನಮ್ಮನಿಗೆ ಹೊಳೆಯಿತು: ತನ್ನ ಚುರುಕು ಕೈ ಒಬ್ಬ ತಾಯಿಯನ್ನು ನೆಲಕ್ಕೆ ಕೂರಿಸಿದೆ, ಆ ತಾಯಿ ಏಳದಿದ್ದರೆ ಅಲ್ಲೆಲ್ಲೋ ಒಬ್ಬ ಹುಡುಗಿ ಅವ್ವಾ ಅವ್ವಾ ಅಂತ ಒಬ್ಬಳೇ ಹೆರಬೇಕು.

"ಪೂಜೆಗೆ ಏನ್ ಬೇಕು ಯೋಳಿ," ಅಂದಳು.

"ಏನ ಬೇಕು? ಒಂದ್ಹನಿ ನೀರು. ವಿಭೂತಿ ನನ್ನ ಚೀಲದಾಗ ಐತಿ. ಒಂಚೂರು ಮರಿ, ಯಾರೂ ನೋಡದಂಗ. ಆದ್ರ ಇಲ್ಲೆಲ್ಲಿ ಬಿಡ್ತಾರ ತಂಗಿ, ಇದು ಸರ್ಕಾರದ ಜಾಗಾ."

ಅಂಜಿನಮ್ಮ ಸ್ಟೂಲನ್ನು ಸೆರಗಿನಿಂದ ಒರೆಸಿದಳು. ಊಟದ ಡಬ್ಬಿ ಸುತ್ತಿದ್ದ ಮಡಿ ಟವೆಲನ್ನು ಬಿಚ್ಚಿ ಅದರ ಮೇಲೆ ಹಾಸಿ, ಅಜ್ಜಿಯನ್ನು ಗೋಡೆ ಕಡೆ ಮುಖಮಾಡಿ ಕೂರಿಸಿದಳು. ತನ್ನ ನೀರಿನ ಬಾಟಲಿ ಎತ್ತಿದವಳು ಅಲ್ಲೇ ನಿಂತಳು. "ಇದು ನಮ್ಮನೆ ನೀರು. ನಾವು ಮುದ್ದೆ ಸಾರು, ಕೋಳಿ ಕುರಿ ಎಲ್ಲಾ ತಿನ್ನೋರು. ನಿಮ್ಗೆ ಆಗ್ತದಾ ಅವ್ವಾ?"

ಚನ್ನಬಸಮ್ಮ ಅಳುತ್ತಿದ್ದವರು ನಕ್ಕುಬಿಟ್ಟರಂತೆ. "ನೀರು ಏನ ತಿಂದಾವ ತಂಗಿ? ಕೊಡು."

ಈಗ ಬಂತು ನೋಡು ಪರದೆಯ ಮಾತು. ಎಳೆದರೂ ಅದೇ ಸಂದಿ. ಸಂದಿಯಾಚೆ ಜನ. ಅಂಜಿನಮ್ಮ ಇನ್ನೇನು ಮಾಡುತ್ತಾಳೆ? ತಾನೇ ಹೋಗಿ ಆ ಸಂದಿಯಲ್ಲಿ ನಿಂತಳು. ಅಜ್ಜಿಗೆ ಬೆನ್ನು, ಸಾಲಿಗೆ ಮುಖ, ಎರಡೂ ಕೈ ಎರಡು ಕಡೆಯ ಹಲಗೆಗೆ. ಎಮ್ಮೆ ಕಾದ ಮೈ ಅದು, ಅಗಲವಾದದ್ದು. ಒಂದು ಕೂದಲೆಳೆ ಬೆಳಕೂ ಒಳಗೆ ಹೋಗಲಿಲ್ಲ.

ಸಾಲು ಗೊಣಗಿತು. "ಏನ್ ಮೇಡಂ, ಮದುವೆ ಮನೆ ಬಾಗಿಲು ಹಿಡಿದ ಹಾಗೆ ಹಿಡ್ಕೊಂಡಿದೀರಾ? ನಮಗೆ ಬಾಂಬೆ ಫ್ಲೈಟ್ ಇದೆ!" ಅಂದಳು ಒಬ್ಬಳು. ಹಿಂದಿನವಳು ಪಿಸುಗುಟ್ಟಿದಳು, "ಸುಮ್ನಿರ್ರೀ, ಒಳಗೆ ಚಿನ್ನ ಸಿಕ್ಕಿದೆ ಅನ್ಸುತ್ತೆ." ಅಷ್ಟು ಸಾಕಾಯಿತು, ಸಾಲು ಕತ್ತು ಉದ್ದ ಮಾಡಿಕೊಂಡು ಸುಮ್ಮನಾಯಿತು. ನಮ್ಮ ಜನಕ್ಕೆ ಚಿನ್ನ ಅಂದರೆ ತಾಳ್ಮೆ ತಾನಾಗಿ ಬರುತ್ತದೆ.

ಗೋಪಾಲಪ್ಪ ಬಂದರು. "ಏನಮ್ಮಾ ಅಂಜಿನಮ್ಮಾ, ಒಳಗೇನು ಹೆರಿಗೆ ಆಗ್ತಾ ಇದೆಯಾ?"

"ಇಲ್ಲ ಸಾರ್. ಎರಿಗೆ ಡೆಲ್ಲೀಲಿ."

"ಏನು ತಮಾಷೆನಾ?"

ಅವಳು ಧ್ವನಿ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಲಿಂಗವನ್ನು ತಾನೇ ಎತ್ತಿ ಟ್ರೇಗೆ ಹಾಕಿದ್ದು, ಕೇಳದೇ ಹಾಕಿದ್ದು, ಅಜ್ಜಿ ಕೂತದ್ದು. "ತಪ್ಪು ನಂದು ಸಾರ್. ನಾಳೆಯಿಂದ ಬಂದೋಬಸ್ತಿಗೆ ಆಕಿ, ಬಿಸಿಲಲ್ಲಿ ನಿಲ್ತೀನಿ. ಇವತ್ತು ಮಾತ್ರ ನನ್ನ ಇಲ್ಲಿಂದ ಕದಲಿಸಬ್ಯಾಡಿ."

ಗೋಪಾಲಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡರು. "ವಸ್ತು ಚೆಕ್ ಆಯ್ತಾ?"

"ಮೆಷಿನ್ನಲ್ಲಿ ಓಗಿ ಬಂತು ಸಾರ್."

"ಅಷ್ಟೇ ಕಣಮ್ಮ ಬೇಕಾಗಿದ್ದು. ಚೆಕ್ ಆಗ್ಬೇಕು ಅಂತ ರೂಲು. ಕತ್ತಿಂದ ಕಿತ್ಕೋಬೇಕು ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ. ಅದೇ ಅವಳಿಗೆ ನಾಟಿದ್ದು. ಯಾರೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ, ತೆಗೆಯಬೇಕಾದವರಿಗೂ ಬೇಡ ಅನ್ನಬಹುದು ಎಂದು ಗೊತ್ತಿರಲಿಲ್ಲ. ಗೋಪಾಲಪ್ಪ ಅಲ್ಲಿಂದಲೇ ವಾಕಿಟಾಕಿಯಲ್ಲಿ ಗದರಿದರು: "ಏಯ್, ಡೆಲ್ಲಿ ಅಜ್ಜಿ ನಮ್ಮ ಹತ್ರ ಇದ್ದಾರೆ. ಬಸ್ ಬಿಟ್ಟೀರಾ, ನೋಡ್ಕೊಳ್ತೀನಿ!" ಮನುಷ್ಯ ಗದರಿಸಿಯೇ ಒಳ್ಳೆಯದು ಮಾಡುವವರು. ಕೆಲವರು ಹಾಗೆ. ನಿನ್ನ ತಾತನೂ ಹಾಗೇ ಇದ್ದರು, ಅದು ಬೇರೆ ಕಥೆ.

ಅಂಜಿನಮ್ಮ ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಬಳೆಯ ಸದ್ದು, ನೀರಿನ ಹನಿಯ ಸದ್ದು, ಆಮೇಲೆ ಏನೂ ಇಲ್ಲ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅಜ್ಜಿ ನೋಡುತ್ತಾ ಕೂತಿರಬೇಕು. ಅಷ್ಟು ಗದ್ದಲದ ಜಾಗದಲ್ಲಿ ಆ ಮೂಲೆ ಮಾತ್ರ ಕೆರೆಯ ಹಾಗೆ ತಣ್ಣಗಾಯಿತು ಅನ್ನುತ್ತಾಳೆ. ಹಲಗೆ ಹಿಡಿದ ಕೈ ಬಿಡಲಿಲ್ಲ.

ಕೊನೆಗೆ ಭುಜದ ಮೇಲೆ ಒಂದು ಕೈ ಬಿತ್ತು. "ನಡಿ ತಂಗಿ. ಆತು."

ಅಂಜಿನಮ್ಮ ಚೀಲ ಎತ್ತಿಕೊಂಡು ಅಜ್ಜಿಯ ಕೈ ಹಿಡಿದು, ವಿಮಾನದ ಹತ್ತಿರ ಕರೆದೊಯ್ಯುವ ಬಸ್ಸಿನ ಬಾಗಿಲವರೆಗೆ ಓಡಿದಳು. ಹತ್ತುವ ಮುಂಚೆ ಚನ್ನಬಸಮ್ಮ ತಮ್ಮ ಬೆರಳ ವಿಭೂತಿಯನ್ನು ಇವಳ ಹಣೆಗೆ ಎಳೆದರು. ಖಾಕಿ ಸೀರೆ, ಹಣೆಯಲ್ಲಿ ವಿಭೂತಿ. ಇಡೀ ದಿನ ಎಲ್ಲರೂ "ಏನ್ ಸ್ವಾಮಿಗಳೇ" ಅಂತ ರೇಗಿಸಿದರೂ ಒರೆಸಿಕೊಳ್ಳಲಿಲ್ಲ. ಮನೆಗೆ ಬಂದಾಗ ಗಂಗಮ್ಮ ನೋಡಿ, "ಇದೇನೇ, ಜಂಗಮರ ಮನೆ ಸೇರ್ಕೊಂಡ್ಯಾ?" ಅಂದಳಂತೆ. ಎಲ್ಲ ಕೇಳಿದ ಮೇಲೆ ಮಾತ್ರ ಗಂಗಮ್ಮ ಎದ್ದು ಹೋಗಿ, ಮುನೇಶ್ವರನಿಗೆ ಡೆಲ್ಲಿಯ ಆ ಹುಡುಗಿಯ ಹೆಸರಿನಲ್ಲಿ ದೀಪ ಹಚ್ಚಿ ಬಂದಳು. ಹೆಸರು ಗೊತ್ತಿರಲಿಲ್ಲ. "ಡೆಲ್ಲಿ ಮಗಳು" ಅಂದಳು, ಅಷ್ಟೇ.

ಆಮೇಲೆ ಅಂಜಿನಮ್ಮನ ಕೈ ನಿಧಾನವಾಯಿತು. ಗೂಡಿನೊಳಗೆ ಏಸಿಯ ಚಳಿಗೆ ಬೆರಳು ತಣ್ಣಗಾಗುತ್ತವೆ, ಚಹಾ ಲೋಟ ಹಿಡಿದು ಬೆಚ್ಚಗೆ ಮಾಡಿಕೊಂಡು, "ಮುಟ್ಲಾ ಅಮ್ಮಾ?" ಅಂತ ಕೇಳಿಯೇ ಮುಟ್ಟುತ್ತಾಳೆ. ಕತ್ತಿನಲ್ಲಿ ಲಿಂಗವೋ ಶಿಲುಬೆಯೋ ತಾಯತವೋ ಇದ್ದರೆ, "ನೀವೇ ನಿಮ್ಮ ಅಂಗೈ ಮೇಲೆ ಇಟ್ಕೊಂಡು ತೋರ್ಸಿ, ದಾರ ಬಿಚ್ಚಬ್ಯಾಡಿ" ಅನ್ನುತ್ತಾಳೆ. ಬುರ್ಖಾದವರು ಮುಖ ತೋರಿಸಬೇಕಾದಾಗ ಬೆನ್ನಿನಿಂದ ಆ ಸಂದಿ ಮುಚ್ಚಿ ನಿಲ್ಲುತ್ತಾಳೆ. "ನಿಮ್ಗೆ ಕಷ್ಟ ಆದ್ರೆ ಬಾಯ್ಬುಟ್ಟು ಯೋಳಿ. ಯೋಳೋ ಅಕ್ಕು ನಿಮ್ಗೈತೆ, ಕೇಳೋ ಕೆಲ್ಸ ನಂದು." ಲೈನು ನಿಲ್ಲುತ್ತಿತ್ತು. ಗೋಪಾಲಪ್ಪ ಗದರಿದರು, ಆಮೇಲೆ ಗದರುವುದನ್ನೂ ಬಿಟ್ಟರು. ದಿನವಿಡೀ ಸಂದಿಗೆ ಬೆನ್ನು ಕೊಟ್ಟು ಕೊಟ್ಟು ರಾತ್ರಿ ಸೊಂಟ ಹಿಡಿಯುತ್ತಿತ್ತು. ಮುನಿಯಣ್ಣ ಲೇತಿನ ಎಣ್ಣೆ ವಾಸನೆಯ ಕೈಯಲ್ಲೇ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದ.

ಆದರೆ ಒಂದು ಮಾತ್ರ ಅವಳಿಗೆ ಗೊತ್ತಾಗಲೇ ಇಲ್ಲ. ಅಜ್ಜಿ ಹೊತ್ತಿಗೆ ಸರಿಯಾಗಿ ತಲುಪಿದರಾ? ಮಗು ಬದುಕಿತಾ? ನನ್ನ ಜೊತೆ ಅವರೆಕಾಯಿ ಬಿಡಿಸುತ್ತಾ ಕೂತವಳು ಇದ್ದಕ್ಕಿದ್ದ ಹಾಗೆ, "ದೊಡ್ಡವ್ವಾ, ನಾನು ತಡ ಮಾಡ್ದೆನಲ್ಲಾ, ಏನಾಗಿರ್ತದೆ?" ಅನ್ನುತ್ತಿದ್ದಳು. ಮೇಲೆ ವಿಮಾನ ಹೋದರೆ ಕೈ ನಿಲ್ಲುತ್ತಿತ್ತು.

ಅವರೆಕಾಯಿ ಕಾಲ ಮುಗಿದು ಮತ್ತೆ ಅವರೆಕಾಯಿ ಕಾಲ ಬಂತು. ಒಂದು ದಿನ ಗೂಡಿಗೆ ಒಬ್ಬ ಹುಡುಗಿ ಬಂದಳು, ಚೂಡಿದಾರ, ಕಂಕುಳಲ್ಲಿ ಗುಂಡು ಗುಂಡಾದ ಗಂಡುಮಗು. ಮೆಷಿನ್ನು ಮಗುವಿನ ಎದೆ ಹತ್ತಿರ ಕುಂಯ್ ಅಂತು. ಅಂಗಿಯೊಳಗೆ ಪುಟ್ಟ ಬೆಳ್ಳಿ ಕರಡಿಗೆ.

"ಸಾರಿ ಮೇಡಂ, ಲೇಟ್ ಆಗ್ತಿದೆ. ತೆಗೆದು ಟ್ರೇಗೆ ಹಾಕ್ಬಿಡ್ತೀನಿ," ಅಂತ ಹುಡುಗಿ ದಾರಕ್ಕೆ ಕೈ ಹಾಕಿದಳು.

"ಬ್ಯಾಡ ಕಣಮ್ಮಾ!" ಅಂಜಿನಮ್ಮ ಅವಳ ಕೈ ಹಿಡಿದಳು. "ಮೈ ಬುಟ್ಟು ಓಗ್ಬಾರ್ದು ಅದು. ಮಗೀನ ಅಂಗೈ ಮೇಲೇ ಇಡಿ, ನಾನು ನೋಡ್ತೀನಿ."

ಇಟ್ಟರು. ಮಗು ಪಕ್ಕನೆ ಮುಷ್ಟಿ ಕಟ್ಟಿತು. ಬಿಡಿಸಲು ಹೋದರೆ ಕಿಲಕಿಲ ನಗುತ್ತದೆ, ಬಿಡುವುದಿಲ್ಲ. ಸರ್ಕಾರದ ತಪಾಸಣೆ ಪೂರ್ತಿ ನಿಂತುಹೋಯಿತು ಕಂದಾ, ಒಂದು ಮುಷ್ಟಿ ತೆರೆಯಲಿ ಅಂತ. ಅಂಜಿನಮ್ಮ ಬೆಚ್ಚಗಿನ ಬೆರಳಿನಿಂದ ಆ ಮುಷ್ಟಿಯ ಬೆನ್ನು ಸವರುತ್ತಾ ಸವರುತ್ತಾ ನಿಂತಳು.

"ಕಲಿತಿ ಅಲ್ಲಾ ತಂಗಿ!" ಅಂತು ಪರದೆಯಾಚೆ ಒಂದು ದನಿ.

ಸಂದಿಯಲ್ಲಿ ವಿಭೂತಿ ಹಣೆ ಕಾಣಿಸಿತು. ತವರಿಗೆ ಬಂದಿದ್ದ ಮಗಳನ್ನೂ ಮೊಮ್ಮಗನನ್ನೂ ಡೆಲ್ಲಿಗೆ ಬಿಡಲು ಹೊರಟ ಚನ್ನಬಸಮ್ಮ. ಅಂಜಿನಮ್ಮ ಎಷ್ಟು ದಿನದಿಂದ ಹೊತ್ತಿದ್ದ ಮಾತು ಬಾಯಿಂದ ಉದುರಿತು: "ಅವತ್ತು ಒತ್ತಿಗೆ ಸರಿಯಾಗಿ ಓದ್ರಾ ಅವ್ವಾ?"

"ಹೋಗಿ ಇವಳ ತಲಿ ನನ್ನ ತೊಡಿ ಮ್ಯಾಲ ಇಟಗೊಂಡೆ ನೋಡು, ಆಮ್ಯಾಲ ಬಂದ ಇಂವ. ನನಗಾಗೇ ಕಾದಿದ್ದ ಕಳ್ಳ!"

ಅಂಜಿನಮ್ಮ ಸ್ಟೂಲಿನ ಮೇಲೆ ಕೂತು ಅತ್ತಳು. ಮಗು ಮುಷ್ಟಿ ಬಿಟ್ಟಿತು.

ಹೋಗುವಾಗ ಅಜ್ಜಿ ಚೀಲದಿಂದ ಇದನ್ನು ತೆಗೆದರು, ಈಗ ನಿನ್ನ ಮಂಡಿ ಮೇಲಿದೆಯಲ್ಲ, ಇದನ್ನೇ. ತಮ್ಮ ಹಳೆ ಇಳಕಲ್ ಸೀರೆಗಳು, ಕಾವ್ಯಾಳ ಲಂಗ, ಕೂಸಿನ ಮೊದಲ ದುಪ್ಪಟಿ ಎಲ್ಲ ಸೇರಿಸಿ ಕೈಯಲ್ಲೇ ಹೊಲಿದದ್ದು. "ಅವತ್ತ ನೀನ ಪರದೆ ಆಗಿ ನಿಂತಿ. ದಿನಾ ನಿಂತ್ರ ಸೊಂಟಾ ಉಳೀತೈತೇನು?" ಅಂದರು. ಗೋಪಾಲಪ್ಪ ಅಲ್ಲೇ ಇದ್ದರು. "ಅಜ್ಜೀ, ಡ್ಯೂಟೀಲಿ ಇರೋರು ಪ್ಯಾಸೆಂಜರ್ ಹತ್ರ ಏನೂ ತಗೊಳ್ಳೋ ಹಾಗಿಲ್ಲ," ಅಂತ ಕೆಮ್ಮಿದರು. ಚನ್ನಬಸಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಾ ಆಕಿಗೆಲ್ಲಿ ಕೊಟ್ಟೇನ್ರೀ ಸಾಹೇಬ್ರ? ಬಾಗಲಕ್ಕ ಕೊಟ್ಟೇನಿ." ಗೋಪಾಲಪ್ಪ ತಾವೇ ಸ್ಟೂಲು ಹತ್ತಿ ಹಸಿರು ಪರದೆ ಇಳಿಸಿ ಇದನ್ನು ಏರಿಸಿದರು. ಸಂದಿ ಇಲ್ಲ, ಗಾಳಿಗೆ ಹಾರುವುದಿಲ್ಲ. ಒಳಗೆ ನಿಂತವರಿಗೆ ಮನೆಯೊಳಗೆ ನಿಂತ ಹಾಗೆ.

ಮೊನ್ನೆ ಯಾರದೋ ಪೆಟ್ಟಿಗೆಯ ಚಕ್ರ ಸಿಕ್ಕಿ ಈ ಕೆಳಗಂಚು ಬಿಚ್ಚಿಹೋಗಿದೆ. ಇವತ್ತು ಅವಳಿಗೆ ರಜ, ಅದಕ್ಕೇ ಇಳಿಸಿ ತಂದು ನನ್ನ ಮಡಿಲಿಗೆ ಹಾಕಿ ಹೋದಳು. ನಾಳೆ ಬೆಳಿಗ್ಗೆ ಡ್ಯೂಟಿಗೆ ಇದು ಹೋಗಲೇಬೇಕು, ಇಲ್ಲದಿದ್ದರೆ ಮತ್ತೆ ಬೆನ್ನು ಕೊಟ್ಟು ನಿಲ್ಲುತ್ತಾಳೆ ಅವಳು, ನನಗೆ ಗೊತ್ತು. ನನ್ನ ಕೆಂಪು ದಾರ ಮುಗಿದುಹೋಗಿದೆ. ಏಳು ಕಂದಾ, ಬಸ್‌ಸ್ಟಾಪಿನ ಪಕ್ಕ ಟೈಲರ್ ಸಾಮಾನಿನ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿ ಬಾ. ಇಗೋ, ಈ ಎಳೆ ಹಿಡಿದುಕೊಂಡು ಹೋಗು, ಇದೇ ಕೆಂಪು, ಇಷ್ಟೇ ದಪ್ಪ. ತೆಳುವಾದದ್ದು ಕೊಟ್ಟರೆ ತರಬೇಡ, ಎಳೆದು ನೋಡಿ ತಗೋ. ಬೆಳಕಿರುವಾಗಲೇ ಬಂದುಬಿಡು, ಸೂಜಿಗೂ ನೀನೇ ಪೋಣಿಸಿಕೊಡಬೇಕು.